ಖಾಲಿ ಹಾಳೆಯ ಸಹಿ

"ಹತ್ತೇ ನಿಮಿಷ," ಎಂದ ದಫ್ತರದ ಗುಮಾಸ್ತ. "ಒಂಬತ್ತನೇ ನಿಮಿಷಕ್ಕೇ ನಾನು ಕೈ ಚಾಚ್ತೀನಿ. ಆಮೇಲೆ ಇನ್ನೊಂಚೂರು ಮೇಡಂ, ಇನ್ನೊಂಚೂರು ಅನ್ನೋ ಹಾಗಿಲ್ಲ."

ವಕೀಲರೆಲ್ಲ ಸೇರಿ ಇವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೇವೆ. ಅದು ಅವನಿಗೂ ಗೊತ್ತು, ಒಳಗೊಳಗೇ ಹೆಮ್ಮೆಯೂ ಇದೆ. ಫೋಟೊ ತೆಗೆಯಬಾರದು, ಪೆನ್ನು ಮುಟ್ಟಬಾರದು, ಬೇಕಾದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು ಎಂದು ಪಾಠ ಒಪ್ಪಿಸಿ, ಪ್ಲಾಸ್ಟಿಕ್ ಚೀಲದಿಂದ ಒಂದೇ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ.

ಕನ್ನಡಕದಂಗಡಿಯ ಅಜ್ಜ ನಿದ್ದೆ ಮಾತ್ರೆ ಹೆಚ್ಚಾಗಿ ತೀರಿಕೊಂಡ ಬೆಳಿಗ್ಗೆ ಅವರ ದಿಂಬಿನ ಪಕ್ಕದಲ್ಲಿ ಸಿಕ್ಕ ಪತ್ರ ಇದು. ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯನ್ನು ಆರು ವಾರದಿಂದ ಜೈಲಿನಲ್ಲಿ ಕೂರಿಸಿರುವುದೂ ಇದೇ.

ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ ಆರು ಸಾಲು. ಅಜ್ಜನ ನರಳಾಟ ನೋಡಲಾರದೆ ನಾನೇ ಮಾತ್ರೆ ಕೊಟ್ಟೆ, ಕ್ಷಮಿಸಿ ಎಂಬ ಧಾಟಿ. ಕೆಳಗೆ ದಾದಿಯ ಸಹಿ. ಸಹಿ ಅವಳದೇ ಎಂದು ತಜ್ಞರು ಬರೆದುಕೊಟ್ಟಾಗಿತ್ತು. ಅವಳೂ ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದಳು, "ಸಹಿ ನನ್ನದೇ ಮೇಡಂ, ಪತ್ರ ಮಾತ್ರ ನನ್ನದಲ್ಲ." ಇಂಥ ಹೇಳಿಕೆ ಹಿಡಿದುಕೊಂಡು ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಅವಳ ಮೇಲೆ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಮಧ್ಯಾಹ್ನ ಮೂರಕ್ಕೆ ಜಾಮೀನಿನ ವಿಚಾರಣೆ ಇತ್ತು. ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಒಂಬತ್ತು ವರ್ಷದ ಮಗಳು ಹಾಸ್ಟೆಲಿನಲ್ಲಿದ್ದಳು. ಆ ಮಗುವನ್ನು ನಮಗೇ ಕೊಡಿಸಿ ಎಂದು ಗಂಡನ ಕಡೆಯವರು ಹಾಕಿದ್ದ ಅರ್ಜಿ ನಾಳೆ ಬೆಳಿಗ್ಗೆ ಇನ್ನೊಂದು ಕೋರ್ಟಿನಲ್ಲಿ ಬರಲಿತ್ತು. ದಾದಿ ಇವತ್ತು ಹೊರಗೆ ಬಂದರೆ ಮಗಳು ಅವಳಿಗೆ ಉಳಿಯುತ್ತಾಳೆ. ಬರದಿದ್ದರೆ, ಕೊಲೆ ಆರೋಪ ಹೊತ್ತು ಜೈಲಿನಲ್ಲಿ ಕೂತವಳ ಮಡಿಲಿಗೆ ಮಗುವನ್ನು ಯಾವ ನ್ಯಾಯಾಧೀಶರು ಹಾಕುತ್ತಾರೆ?

"ಮೂರು ನಿಮಿಷ ಆಯ್ತು," ಎಂದ ಗಡಿಯಾರ.

ನಾನು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದೆ. ಆರು ಸಾಲಿನ ಪತ್ರ ಹಾಳೆಯ ಮೇಲ್ಭಾಗದಲ್ಲೇ ಮುಗಿಯಬೇಕಿತ್ತು. ಇದು ಹಾಳೆಯ ಉದ್ದಕ್ಕೂ ಕೈಕಾಲು ಚಾಚಿ ಮಲಗಿತ್ತು. ಸಾಲಿಗೂ ಸಾಲಿಗೂ ನಡುವೆ ಎರಡು ಬೆರಳು ಜಾಗ. ಸಹಿ ಎಲ್ಲೋ ತಳದಲ್ಲಿ, ಬಲ ಅಂಚಿಗೆ ಅಂಟಿಕೊಂಡಿತ್ತು. ಮುದುಕನೊಬ್ಬನನ್ನು ಕೊಂದು ಗಾಬರಿಯಲ್ಲಿರುವ ಹೆಂಗಸು ಇಷ್ಟು ಪುರುಸೊತ್ತಿನಲ್ಲಿ ಹಾಳೆ ಅಲಂಕರಿಸುತ್ತಾಳೆಯೇ?

ಅಂದರೆ ಸಹಿ ಮೊದಲು ಬಂದಿತ್ತು. ಅದರ ತನಕ ಇಳಿಯಲೆಂದು ಸಾಲುಗಳನ್ನು ಎಳೆದು ಹಿಗ್ಗಿಸಿದ್ದರು.

ಹಾಳೆಯನ್ನು ಓರೆ ಮಾಡಿ, ಬೆಳಕು ಅಡ್ಡಡ್ಡ ಬೀಳುವಂತೆ ಹಿಡಿದೆ. ಸಹಿಯ ಶುರುವಿನಲ್ಲಿ ಕಾಗದ ಸ್ವಲ್ಪ ತಗ್ಗಾಗಿತ್ತು. ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿ ರಬ್ಬರಿನಿಂದ ಅಳಿಸಿದ್ದರು. ಸೀಸ ಹೋಗಿತ್ತು, ಒತ್ತಿದ ಗೆರೆ ಹೋಗಿರಲಿಲ್ಲ. ಒಂದು ಪುಟ್ಟ ಗುಣಾಕಾರದ ಗುರುತು, ಅದರ ಬಲಕ್ಕೆ ಒಂದು ಚುಕ್ಕಿ.

ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದೆ.

ಎಲ್ಲಿ ಸಹಿ ಮಾಡಬೇಕೆಂದು ಕಕ್ಷಿದಾರರಿಗೆ ತೋರಿಸಲು ಎಲ್ಲ ವಕೀಲರೂ ಗುಣಾಕಾರ ಹಾಕುತ್ತಾರೆ. ಜನ ಅದರ ಮೇಲೇ ಸಹಿ ಗೀಚುತ್ತಾರೆಂದು ಚುಕ್ಕಿ ಇಟ್ಟು "ಇಲ್ಲಿಂದ ಶುರು ಮಾಡಿ" ಎನ್ನುವವನು ನನಗೆ ತಿಳಿದ ಮಟ್ಟಿಗೆ ಒಬ್ಬನೇ. ಹದಿನೇಳು ವರ್ಷದಿಂದ ನನ್ನ ಎದುರಿನ ಮೇಜಿನಲ್ಲಿ ಕೂತು ಆ ಚುಕ್ಕಿ ಇಡುತ್ತಿದ್ದಾನೆ. ನನ್ನ ಗಂಡ.

"ಒಂಬತ್ತು," ಎಂದು ಗಡಿಯಾರ ಕೈ ಚಾಚಿದ. ನಾನು ಮಾತಿಲ್ಲದೆ ಹಾಳೆ ಕೊಟ್ಟೆ. ಪಾಪ, ಅವನಿಗೇ ಗಾಬರಿಯಾಗಿ, "ಬೇಕಿದ್ರೆ ಇನ್ನೊಂದು ನಿಮಿಷ ನೋಡಿ ಮೇಡಂ," ಎಂದ.

ನಮ್ಮ ಕಚೇರಿ ಕೋರ್ಟಿನಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲನೇ ಮಹಡಿ, ಎರಡು ಕೋಣೆ, ಎದುರುಬದುರು ಎರಡು ಮೇಜು. ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಗಾಣ ತಿರುಗುತ್ತಿತ್ತು.

ಎರಡು ವರ್ಷದ ಹಿಂದೆ ಇದೇ ಮಗುವಿನ ವಿಷಯಕ್ಕೆ ದಾದಿಯ ಪರವಾಗಿ ಕೇಸು ನಡೆಸಿ ಗೆಲ್ಲಿಸಿಕೊಟ್ಟವನು ನನ್ನ ಗಂಡ. ಆ ಋಣಕ್ಕೇ ಅವಳು ಈಗಲೂ ನಮ್ಮ ಬಾಗಿಲಿಗೆ ಬಂದದ್ದು. ಪಾಳಿಯಲ್ಲಿ ದುಡಿಯುವವಳು, ಕರೆದಾಗಲೆಲ್ಲ ಬರಲಾಗದು ಎಂದು ಅವನು ಅವಳಿಂದ ಖಾಲಿ ಹಾಳೆಗಳ ಮೇಲೆ ಸಹಿ ಹಾಕಿಸಿಟ್ಟುಕೊಂಡಿದ್ದ. ದಿನಾಂಕ ಮುಂದೂಡಲು, ಸಣ್ಣಪುಟ್ಟ ಅರ್ಜಿ ಹಾಕಲು ಅನುಕೂಲ. ಮಾಡಬಾರದ ಕೆಲಸ ಎಂದು ಎಲ್ಲ ವಕೀಲರಿಗೂ ಗೊತ್ತು, ಬಹಳಷ್ಟು ಜನ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆ ಹಾಳೆಗಳ ನೆನಪು ಅವಳಿಗೂ ಬಂದಿರಲಿಲ್ಲ, ಇವತ್ತಿನವರೆಗೆ ನನಗೂ.

ಆ ಹಳೆಯ ಕಡತ ಕೊಡು ಎಂದು ಈ ತಿಂಗಳಲ್ಲಿ ಎರಡು ಸಲ ಕೇಳಿದ್ದೆ. ಎರಡು ಸಲವೂ "ನೋಡ್ತೀನಿ" ಎಂದು ಹಾರಿಕೆಯ ಉತ್ತರ ಕೊಟ್ಟಿದ್ದ. ಜೊತೆಗೆ ಇತ್ತೀಚೆಗೆ ಪ್ರತಿ ಬುಧವಾರ ಮಧ್ಯಾಹ್ನ ಮಾಯವಾಗುತ್ತಿದ್ದ. ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆ ಮುಂದಿಟ್ಟುಕೊಂಡು ಧ್ಯಾನ. ಇನ್ನೊಬ್ಬಳು ಯಾರೋ ಇರಬಹುದೆಂದು ನಾನು ಮೂರು ವಾರದಿಂದ ಒಳಗೇ ಕುದಿಯುತ್ತಿದ್ದೆ. ಈಗ ಅದಕ್ಕಿಂತ ಕೆಟ್ಟದ್ದು ಹೊಳೆದಿತ್ತು. ಇವನು ಆ ಹಾಳೆಯನ್ನು ಯಾರಿಗಾದರೂ ಮಾರಿದನೇ?

ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಅವನು ಕಡತಕ್ಕೆ ದಾರ ಕಟ್ಟುತ್ತಿದ್ದ.

"ದಾದಿ ಹತ್ರ ಎಷ್ಟು ಖಾಲಿ ಹಾಳೆಗೆ ಸಹಿ ಹಾಕಿಸಿದ್ದೆ?"

"ಐದು. ಯಾಕೆ?"

"ಅವು ಎಲ್ಲಿವೆ?"

ದಾರ ಹಿಡಿದ ಕೈ ನಿಂತಿತು. "ಕಡತದಲ್ಲಿ."

"ಕಡತ ಎಲ್ಲಿದೆ?"

ಅವನು ಕಟ್ಟಿದ್ದ ದಾರವನ್ನೇ ಬಿಚ್ಚತೊಡಗಿದ. ಎದುರಾಳಿ ಸಾಕ್ಷಿ ಹೀಗೆ ಬಾಯಿ ಕಟ್ಟಿ ನಿಂತರೆ ನಾನು ಕುಣಿದಾಡುತ್ತೇನೆ. ಗಂಡ ನಿಂತರೆ ತಡೆಯಲಾರೆ.

"ಆ ಪತ್ರದಲ್ಲಿ ನಿನ್ನ ಚುಕ್ಕಿ ಇದೆ ಕಣೋ!" ಎಂದು ಕೂಗಿದೆ. ನಾವು ಕಾಲೇಜಿನಲ್ಲಿ ಒಂದೇ ಬೆಂಚು, ಬಹುವಚನದ ಅಭ್ಯಾಸವೇ ಆಗಲಿಲ್ಲ. "ಅಳಿಸಿದ್ದಾರೆ, ಆದರೂ ಕಾಣುತ್ತೆ. ನಮ್ಮ ಆಫೀಸಿನ ಹಾಳೆ ಮೇಲೆ ಅವಳ ತಪ್ಪೊಪ್ಪಿಗೆ ಬರೆದಿದ್ದಾರೆ. ಯಾರಿಗೆ ಕೊಟ್ಟೆ? ಪ್ರತಿ ಬುಧವಾರ ಯಾರನ್ನ ನೋಡೋಕೆ ಹೋಗ್ತಿದ್ದೆ?"

ಅವನ ಮುಖದಿಂದ ಬಣ್ಣ ಇಳಿಯಿತು. ಕುರ್ಚಿಯಲ್ಲಿ ಕುಸಿದ. "ಅಯ್ಯೋ," ಎಂದ. "ಹಾಳೆಗಳು ಒಳಗೇ ಇದ್ವು. ನಾನು ತೆಗೀಲೇ ಇಲ್ಲ."

"ಯಾವುದರ ಒಳಗೆ?"

"ಅವಳ ಅಣ್ಣ ಬಂದಿದ್ದ. ಏಳು ವಾರ ಆಯ್ತು. ಮಗುವಿನ ಜನನ ಪತ್ರದ ಅಸಲು ಬೇಕು, ತಂಗಿಗೆ ಪಾಳಿ ಬಿಡೋಕಾಗಲ್ಲ, ನನ್ನನ್ನ ಕಳಿಸಿದಾಳೆ ಅಂದ. ಹುಡುಕಿ ಕೊಡೋ ತಾಳ್ಮೆ ಇರಲಿಲ್ಲ ನಂಗೆ. ಇಡೀ ಕಡತಾನೇ ಕೊಟ್ಬಿಟ್ಟೆ. ಹೇಗಿದ್ರೂ ಮುಗಿದ ಕೇಸು ಅಂತ."

"ಅವಳಿಗೆ ಅಣ್ಣನೇ ಇಲ್ಲ! ಒಬ್ಬಳೇ ಮಗಳು. ಆ ಕೇಸು ನಡೆಸಿದವನು ನೀನೇ."

"ದೊಡ್ಡಪ್ಪನ ಮಗ ಅಂದ. ನಂಬಿದೆ."

"ಪತ್ರ ಗಿತ್ರ ಏನೂ ಕೇಳಲಿಲ್ವಾ? ಕಕ್ಷಿದಾರರ ಚೀಟಿ ಇಲ್ದೆ ಪೆನ್ಸಿಲ್ ಕೂಡ ಕೊಡೋನಲ್ಲ ನೀನು!"

"ಕೇಳಲಿಲ್ಲ. ನೀನು ಕಡತ ಕೇಳಿದಾಗ ತಪ್ಪು ಗೊತ್ತಾಯ್ತು. ನಿನ್ನ ಬಾಯಿಗೆ ಹೆದರಿ ಸುಮ್ಮನಾದೆ."

"ಆವತ್ತೇ ಯಾಕೆ ಹಾಗೆ ಮಾಡಿದೆ?"

ಅವನು ಕುತ್ತಿಗೆಯ ಬಿಳಿ ಪಟ್ಟಿ ಬಿಚ್ಚಿ, ಗಟ್ಟಿ ಕಾಲರಿನ ಗುಂಡಿ ತೆಗೆದ. ಕಿವಿಯ ಕೆಳಗೆ, ಕಾಲರು ಮುಚ್ಚುವ ಜಾಗದಲ್ಲಿ, ಚೌಕಾಕಾರದ ಒಂದು ಪ್ಲಾಸ್ಟರು ಇತ್ತು.

"ಆವತ್ತು ಬೆಳಿಗ್ಗೆ ಡಾಕ್ಟರು ಗಂಟು ಇದೆ ಅಂದ್ರು," ಎಂದ. "ಬುಧವಾರ ಅವರ ದಿನ. ಮೊದಲು ಸ್ಕ್ಯಾನು, ಆಮೇಲೆ ಸೂಜಿ, ಸರಿಯಾಗಿ ಗೊತ್ತಾಗಲಿಲ್ಲ ಅಂತ ಮತ್ತೆ ತುಣುಕು ತೆಗೆದ್ರು. ಇವತ್ತು ಸಂಜೆ ವರದಿ ಬರುತ್ತೆ. ಕೆಟ್ಟದ್ದಾದ್ರೆ ನಿಂಗೆ ಹೇಳೋದು ಇದ್ದೇ ಇತ್ತು. ಒಳ್ಳೇದಾದ್ರೆ ಸುಮ್ನೆ ಯಾಕೆ ಹೆದರಿಸ್ಲಿ ಅಂತ."

ಏಳು ವಾರ! ಒಂದೇ ಮನೆಯಲ್ಲಿ, ಒಂದೇ ಕಚೇರಿಯಲ್ಲಿ. ಅಂಗಿ ಬದಲಿಸುವಾಗ ಬೆನ್ನು ತಿರುಗಿಸುತ್ತಿದ್ದುದನ್ನು ನೋಡಿದ್ದೆ, ನನ್ನ ಮೇಲೆ ಬೇಸರವಿರಬೇಕೆಂದುಕೊಂಡಿದ್ದೆ. ಊರಿನವರ ಸುಳ್ಳನ್ನೆಲ್ಲ ಸಿಪ್ಪೆ ಸುಲಿದಂತೆ ಸುಲಿಯುವ ನನಗೆ ಮನೆಯೊಳಗಿನ ಒಂದು ಪ್ಲಾಸ್ಟರು ಕಂಡಿರಲಿಲ್ಲ.

ನಾನು ಅತ್ತೆ. ಅವನು ಕಳ್ಳನಲ್ಲ ಎಂಬ ಸಮಾಧಾನಕ್ಕೆ ಅತ್ತೆನೋ, ಗಂಟಿನ ಭಯಕ್ಕೆ ಅತ್ತೆನೋ, ಈಗಲೂ ಹೇಳಲಾರೆ. ಎರಡಕ್ಕೂ ಸೇರಿಸಿ ಅತ್ತಿರಬೇಕು.

"ಇನ್ನೊಬ್ಬಳು ಇದ್ದಾಳೆ ಅಂದ್ಕೊಂಡಿದ್ದೆ," ಎಂದೆ ಮೂಗು ಒರೆಸಿಕೊಳ್ಳುತ್ತ.

"ನಿನ್ನೊಬ್ಬಳನ್ನೇ ಸಂಭಾಳಿಸೋಕೆ ಆಗ್ತಿಲ್ಲ ಮಾರಾಯ್ತಿ," ಎಂದ. ಏಳು ವಾರದಲ್ಲಿ ಅವನು ಆಡಿದ ಮೊದಲ ತಮಾಷೆ. ಹೊಡೆಯಬೇಕೆನಿಸಿತು, ಅಪ್ಪಿಕೊಂಡೆ.

ಆಮೇಲೆ ಅವನು ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. "ಪ್ರಮಾಣಪತ್ರ ಟೈಪು ಮಾಡ್ತೀನಿ. ನಾನೇ ಕಟಕಟೆ ಹತ್ತಿ ಹೇಳ್ತೀನಿ. ಖಾಲಿ ಹಾಳೆ ಮೇಲೆ ಸಹಿ ತಗೊಂಡೋನು ನಾನು, ಗುರುತಿಲ್ಲದವನ ಕೈಗೆ ಕೊಟ್ಟೋನೂ ನಾನು."

"ವಕೀಲರ ಪರಿಷತ್ತಿನವರು ಸನ್ನದು ಕಿತ್ಕೊಳ್ತಾರೆ."

"ಕಿತ್ಕೊಳ್ಳಲಿ. ಟೈಪಿಂಗ್ ಬರುತ್ತೆ ನಂಗೆ. ನೀನು ಇಟ್ಕೊಂಡ್ರೆ ಇಲ್ಲೇ ಕೆಲಸಕ್ಕೆ ಸೇರ್ತೀನಿ."

ಒಂದು ಕ್ಷಣವೂ ತಡವರಿಸಲಿಲ್ಲ. ಮದುವೆಯಾದ ಮನುಷ್ಯ ಇವನೇ ಎಂದು ನನಗೆ ಮತ್ತೆ ಗುರುತು ಸಿಕ್ಕಿತು.

ಮೂರು ಗಂಟೆಗೆ ಸರ್ಕಾರಿ ವಕೀಲರು ಎದ್ದು ನಿಂತರು. ಅವರ ಗಂಟಲಿಗೆ ಮೈಕು ಬೇಕಾಗುವುದಿಲ್ಲವೆಂದು ಎಲ್ಲರೂ ಅವರನ್ನು ಗುಡುಗು ಎನ್ನುತ್ತೇವೆ.

"ಮಹಾಸ್ವಾಮಿ, ಆರೋಪಿಯೇ ಸಹಿ ಒಪ್ಪಿಕೊಂಡಿದ್ದಾಳೆ. ಇನ್ನು ಮಾತಾಡೋಕೆ ಏನಿದೆ?" ಎಂದರು. ಕಿಟಕಿ ಗಾಜು ಅದುರಿತು.

ನಾನು ನನ್ನ ಗಂಡನ ಪ್ರಮಾಣಪತ್ರ ಮುಂದಿಟ್ಟೆ. ನ್ಯಾಯಾಧೀಶೆ ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು.

"ಇವರು ನಿಮ್ಮ ಯಜಮಾನರಲ್ಲವೇ?"

"ಹೌದು ಮಹಾಸ್ವಾಮಿ."

"ಮನೆಯಲ್ಲಿ ಆಗಬೇಕಾದ ಜಗಳ ಇಲ್ಲಿ ತಂದಿದ್ದೀರಿ."

"ಮನೆ ಜಗಳ ಮಧ್ಯಾಹ್ನವೇ ಮುಗೀತು ಮಹಾಸ್ವಾಮಿ."

ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆ ನಗಲಿಲ್ಲ. ನನ್ನ ಗಂಡನನ್ನು ಕಟಕಟೆಗೆ ಕರೆದರು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ತನ್ನ ಗುಣಾಕಾರ, ತನ್ನ ಚುಕ್ಕಿ, ಕಡತ ಒಯ್ದ ಆ ಅಣ್ಣ, ತಾನು ಚೀಟಿ ಕೇಳದೇ ಇದ್ದದ್ದು. ಗಂಟಿನ ಸುದ್ದಿ ಮಾತ್ರ ಎತ್ತಲಿಲ್ಲ. ಅದನ್ನು ಹೇಳಿದ್ದರೆ ಅರ್ಧ ಕನಿಕರ ಸಿಗುತ್ತಿತ್ತು. ಕನಿಕರ ಬೇಡವೆಂದು ಮೆಟ್ಟಿಲಿಳಿಯುವಾಗಲೇ ನನಗೆ ತಾಕೀತು ಮಾಡಿದ್ದ.

ನ್ಯಾಯಾಧೀಶೆ ಪತ್ರ ತರಿಸಿದರು. ಮೇಜಿನ ದೀಪವನ್ನು ಬಗ್ಗಿಸಿ, ಹಾಳೆಯನ್ನು ಓರೆಯಾಗಿ ಹಿಡಿದರು. ಕೈದಿಗಳ ಬೆಂಚಿನಲ್ಲಿ ದಾದಿ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

"ಸರ್ಕಾರಿ ವಕೀಲರೇ, ಬನ್ನಿ. ನೀವೂ ನೋಡಿ."

ಗುಡುಗು ಹೋಗಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಿರುಗಿದಾಗ ಅವರ ದನಿ ಮಾಮೂಲಿ ಮನುಷ್ಯರ ದನಿಯಾಗಿತ್ತು.

"ನನ್ನ ಆಕ್ಷೇಪ ಹಿಂದಕ್ಕೆ ತಗೋತೀನಿ ಮಹಾಸ್ವಾಮಿ. ಮತ್ತೆ ತನಿಖೆ ಆಗ್ಬೇಕು."

ಇಪ್ಪತ್ತು ವರ್ಷದ ವಕೀಲಿಯಲ್ಲಿ ಅವರ ಬಾಯಿಂದ ಇಂಥ ಮಾತು ಕೇಳಿರಲಿಲ್ಲ. ಕೈಯೆತ್ತಿ ಮುಗಿಯಬೇಕೆನಿಸಿತು.

"ಉಳಿದ ನಾಲ್ಕು ಹಾಳೆ ಎಲ್ಲಿವೆ?" ಎಂದು ನ್ಯಾಯಾಧೀಶೆ ನನ್ನ ಗಂಡನನ್ನು ಕೇಳಿದರು.

"ಗೊತ್ತಿಲ್ಲ ಮಹಾಸ್ವಾಮಿ."

"ನಿಮ್ಮ ವಿಷಯ ಪರಿಷತ್ತಿಗೆ ಬರೆಯುತ್ತೇನೆ. ಮೂರು ವಾರದೊಳಗೆ ಉತ್ತರ ಕೊಡಿ. ಬಂದು ಸತ್ಯ ಹೇಳಿದಿರಿ ಅನ್ನುವುದನ್ನೂ ಬರೆಯುತ್ತೇನೆ. ಈಗ ನೀವು ಹೋಗಬಹುದು."

ಅವನು ತಲೆಬಾಗಿ ಹೊರಟ. ಬಾಗಿಲ ಹತ್ತಿರ ನನ್ನತ್ತ ತಿರುಗಿ, ಕೈಗಡಿಯಾರ ತೋರಿಸಿ, ಕುತ್ತಿಗೆ ಮುಟ್ಟಿಕೊಂಡ. ವರದಿ ಕೊಡುವ ಕೌಂಟರು ನಾಲ್ಕೂವರೆಗೆ ಮುಚ್ಚುತ್ತಿತ್ತು. ಜೊತೆಗೆ ಹೋಗಬೇಕೆಂದು ನನ್ನ ಕಾಲುಗಳು ಎದ್ದವು. ಆದೇಶ ಇನ್ನೂ ಬರೆಸುತ್ತಿದ್ದರು. ಕೂತೆ.

ಜಾಮೀನು ಸಿಕ್ಕಿತು. ಸ್ಥಳೀಯರೊಬ್ಬರು ಹೊಣೆ ನಿಂತು ಸಹಿ ಮಾಡಿದರೆ ದಾದಿ ಇಲ್ಲಿಂದಲೇ ಹೋಗಬಹುದು ಎಂದು ನ್ಯಾಯಾಧೀಶೆ ಹೇಳಿ ಒಳಗೆ ನಡೆದರು.

ದಾದಿ ಬೆಂಚಿನಿಂದ ಏಳಲಿಲ್ಲ. "ಹೊಣೆ ನಿಲ್ಲೋರು ನಂಗೆ ಯಾರಿದ್ದಾರೆ ಮೇಡಂ?" ಎಂದಳು.

ಗೆದ್ದ ಮೇಲೆ ಮುಗ್ಗರಿಸುವುದೆಂದರೆ ಇದು. ವಕೀಲರು ತಮ್ಮದೇ ಕಕ್ಷಿದಾರರಿಗೆ ಹೊಣೆ ನಿಲ್ಲುವಂತಿಲ್ಲ. ಆ ಕೋರ್ಟಿನ ಗುಮಾಸ್ತೆ ಆಗಲೇ ಮುದ್ರೆಗಳನ್ನು ಡಬ್ಬಿಗೆ ಹಾಕುತ್ತಿದ್ದಳು. "ಕಾಲು ಗಂಟೆ ಕಾಯ್ತೀನಿ," ಎಂದಳು. ನಾನು ಫೋನು ತೆಗೆದು ಒಬ್ಬೊಬ್ಬರಿಗೇ ಮಾಡತೊಡಗಿದೆ. ಒಬ್ಬರು ಪ್ರಯಾಣದಲ್ಲಿದ್ದರು, ಇನ್ನೊಬ್ಬರು ಹೆಂಡತಿಯನ್ನು ಕೇಳಬೇಕೆಂದರು, ಮೂರನೆಯವರು ಫೋನೇ ಎತ್ತಲಿಲ್ಲ.

"ನಾನು ಆಗಬಹುದಾ ಮೇಡಂ?"

ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೃದುವಾದ ದನಿ. ದಾದಿ ಅವರನ್ನು ನೋಡಿದ್ದೇ ಎದ್ದು ನಿಂತಳು. "ಸರ್, ನೀವಾ!" ಎನ್ನುವಷ್ಟರಲ್ಲಿ ಕಣ್ಣೀರು ಬಂತು.

"ನಮ್ಮ ಔಷಧಿ ಅಂಗಡಿ ಅಜ್ಜನ ಮನೆಯ ಪಕ್ಕದಲ್ಲೇ," ಎಂದು ಅವರು ನನಗೆ ಪರಿಚಯ ಹೇಳಿಕೊಂಡರು. "ಈಯಮ್ಮ ದಿನಾ ಬರ್ತಿದ್ರು. ಅಜ್ಜನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರು ಅಂತ ನಾನು ಕಣ್ಣಾರೆ ಕಂಡಿದ್ದೀನಿ. ಇವತ್ತು ವಿಚಾರಣೆ ಅಂತ ಗೊತ್ತಾಯ್ತು, ಅಂಗಡಿ ಮುಚ್ಚಿ ಬಂದೆ. ಸ್ವಲ್ಪ ತಡ ಆಯ್ತು."

ಆರು ವಾರದಲ್ಲಿ ಈ ಹೆಂಗಸಿನ ಪರವಾಗಿ ಒಳ್ಳೆಯ ಮಾತಾಡಿದ ಮೊದಲ ಮನುಷ್ಯ. ಜಗತ್ತಿನಲ್ಲಿ ಇಂಥವರೂ ಇದ್ದಾರಲ್ಲ ಎಂದುಕೊಂಡೆ.

ಗುರುತಿನ ಚೀಟಿ, ಮನೆಯ ಕಾಗದ, ಎರಡು ಫೋಟೊ, ಎಲ್ಲವನ್ನೂ ಅವರು ಲಕೋಟೆಯಲ್ಲಿ ಜೋಡಿಸಿ ತಂದಿದ್ದರು. ಗುಮಾಸ್ತೆಗೇ ಖುಷಿಯಾಯಿತು. "ಎಲ್ರೂ ಹೀಗೆ ತಯಾರಾಗಿ ಬಂದ್ರೆ ನಮ್ಮ ಬಾಳು ಬಂಗಾರ," ಎಂದು ಫೋಟೊ ಅಂಟಿಸಿ, ಮುದ್ರೆ ಒತ್ತಿ, ಕಾಗದವನ್ನು ನನ್ನ ಕಡೆ ತಳ್ಳಿದಳು. "ಗುರುತಿಸುವ ವಕೀಲರ ಸಹಿ ಇಲ್ಲಿ."

ಹೊಣೆ ನಿಲ್ಲುವವರನ್ನು ತಾನು ಬಲ್ಲೆ ಎಂದು ವಕೀಲರೊಬ್ಬರು ಬರೆದುಕೊಡಬೇಕು. ನಾನು ಸಹಿ ಹಾಕಿದೆ. ಗುಮಾಸ್ತೆ ನನಗೊಂದು ಪ್ರತಿ ಕೊಟ್ಟು, ಡಬ್ಬಿಗೆ ಬೀಗ ಹಾಕಿ ಹೊರಟಳು.

ದಾದಿ ನನ್ನ ಕಾಲು ಮುಟ್ಟಲು ಬಗ್ಗಿದಳು. ತಡೆದು ಮೇಲೆತ್ತಿದೆ. ಹಗುರವಾಗಿದ್ದಳು, ಮಗುವಿನಷ್ಟು. "ಮೊದಲು ಮಗಳ ಹತ್ರ ಹೋಗಿ," ಎಂದೆ. "ನಾಳೆ ಹತ್ತು ಗಂಟೆಗೆ ಅವಳ ಕೈ ಹಿಡ್ಕೊಂಡು ಕೋರ್ಟಿಗೆ ಬನ್ನಿ. ನಿಮ್ಮ ಅತ್ತೆ ಕಡೆಯವರ ಮುಖ ನೋಡ್ಬೇಕು ನಂಗೆ."

ಅವಳು ಮೊದಲ ಬಾರಿಗೆ ನಕ್ಕಳು. ಮುಂದಿನ ಹಲ್ಲುಗಳ ನಡುವೆ ಒಂದು ಸಂದಿತ್ತು. ಆರು ವಾರ ಅವಳನ್ನು ನೋಡಿದ್ದರೂ ಅದು ನನಗೆ ಗೊತ್ತೇ ಇರಲಿಲ್ಲ.

"ಕಾರಿದೆ, ಹಾಸ್ಟೆಲಿಗೆ ನಾನೇ ಬಿಡ್ತೀನಿ," ಎಂದರು ಔಷಧಿ ಅಂಗಡಿಯವರು. ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಅವಳ ಕೈಗಿತ್ತರು. "ಕುಡೀರಮ್ಮ. ತುಟಿ ಒಣಗಿದೆ."

ಅವರು ಹೋದ ಮೇಲೆ ನಾನು ಕಾರಿಡಾರಿನ ಬೆಂಚಿನಲ್ಲಿ ಕೂತೆ. ಕೋರ್ಟ್ ಹಾಲುಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಕಸಗುಡಿಸುವವಳು ನನ್ನ ಕಾಲೆತ್ತಿಸಿ ಬೆಂಚಿನ ಕೆಳಗೆ ಗುಡಿಸಿಕೊಂಡು ಹೋದಳು. ಫೋನು ಮಾಡೋಣವೆಂದು ನಾಲ್ಕು ಸಲ ಕೈಗೆತ್ತಿಕೊಂಡೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಕೇಳಲಾರೆ ಎಂದು ನಾಲ್ಕು ಸಲವೂ ಕೆಳಗಿಟ್ಟೆ.

ಐದೂಕಾಲಿಗೆ ಅವನು ಕಾರಿಡಾರಿನ ತುದಿಯಲ್ಲಿ ಕಾಣಿಸಿದ. ನಡಿಗೆ ನೋಡಿಯೇ ಗೊತ್ತಾಯಿತು. ಏಳು ವಾರದಿಂದ ಕಾಲೆಳೆಯುತ್ತಿದ್ದವನು ಶಾಲೆ ಬಿಟ್ಟ ಮಗುವಿನಂತೆ ಬರುತ್ತಿದ್ದ.

"ಏನೂ ಇಲ್ಲ!" ಎಂದು ಅಲ್ಲಿಂದಲೇ ಕೂಗಿದ. "ಬರೀ ಗ್ರಂಥಿ ಊದಿರೋದು. ಒಂದು ತಿಂಗಳು ಮಾತ್ರೆ ತಿನ್ನು, ಹೋಗುತ್ತೆ ಅಂದ್ರು!"

ಕೋರ್ಟಿನ ಕಾರಿಡಾರಿನಲ್ಲಿ, ಕಪ್ಪು ಕೋಟಿನಲ್ಲಿ, ನಾವಿಬ್ಬರೂ ಕಾಲೇಜು ಮಕ್ಕಳಂತೆ ತಬ್ಬಿಕೊಂಡು ನಿಂತೆವು. ಅವನು ನಗುತ್ತಿದ್ದ, ನಾನು ಅಳುತ್ತಿದ್ದೆ, ಆಮೇಲೆ ಅದಲುಬದಲಾಯಿತು. ಕಸಗುಡಿಸುವವಳು ಪೊರಕೆ ನಿಲ್ಲಿಸಿ ನೋಡಿದಳು. ನೋಡಲಿ ಬಿಡಿ. ಎದೆಯ ಮೇಲಿಂದ ಬಂಡೆ ಇಳಿದ ಹಾಗಿತ್ತು, ಅಂಥ ಹಗುರ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ದಾದಿ?" ಎಂದ ಅವನು ಉಸಿರು ತಿರುಗಿಸಿಕೊಂಡು.

"ಬಿಡುಗಡೆ! ಇಷ್ಟೊತ್ತಿಗೆ ಮಗಳನ್ನ ಅಪ್ಪಿಕೊಂಡಿರ್ತಾಳೆ. ನೀನು ಹೋದ ಮೇಲೆ ದೊಡ್ಡ ಗಲಾಟೆ, ಹೊಣೆ ನಿಲ್ಲೋಕೆ ಯಾರೂ ಇಲ್ಲ. ಅಷ್ಟರಲ್ಲಿ ಪುಣ್ಯಾತ್ಮ ಒಬ್ಬರು ಬಂದ್ರು ನೋಡು." ನಾನು ಬಹುಮಾನ ತೋರಿಸುವವಳಂತೆ ಹೊಣೆಪತ್ರದ ಪ್ರತಿಯನ್ನು ಅವನ ಮುಂದೆ ಹಿಡಿದೆ.

ಅವನು ನಗುನಗುತ್ತಲೇ ತೆಗೆದುಕೊಂಡ. ಮೊದಲ ಸಾಲು ಓದಿದ. ಆಮೇಲೆ ಓದುವುದನ್ನು ನಿಲ್ಲಿಸಿ ಫೋಟೊ ನೋಡಿದ. ಕಾಗದವನ್ನು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದ.

"ಇವನು ಯಾರು?"

"ಔಷಧಿ ಅಂಗಡಿಯವರು. ಅಜ್ಜನ ಮನೆ ಪಕ್ಕ. ಯಾಕೆ?"

"ಕಡತ ತಗೊಂಡು ಹೋದೋನು ಇವನೇ," ಎಂದ ಮೆಲ್ಲಗೆ. "ಆವತ್ತು ಬಂದ ಅಣ್ಣ."

"ಸರಿಯಾಗಿ ನೋಡು."

"ನೋಡಿದೆ. ಇವನೇ."

ಫೋಟೊದ ಕೆಳಗೆ ಅಚ್ಚಾಗಿದ್ದ ಸಾಲು ಈಗ ನನ್ನ ಕಣ್ಣಿಗೆ ಬಿತ್ತು. 'ಈ ವ್ಯಕ್ತಿ ನನಗೆ ಖುದ್ದಾಗಿ ಪರಿಚಿತರು, ಇವರ ನಡತೆಯನ್ನು ನಾನು ಬಲ್ಲೆ.' ಅದರ ಕೆಳಗಿದ್ದ ಸಹಿ ನನ್ನದು. ಹತ್ತು ನಿಮಿಷದ ಪರಿಚಯಕ್ಕೆ, ಒಂದಕ್ಷರ ಓದದೆ ಹಾಕಿದ್ದೆ. ಗುಮಾಸ್ತೆ ತೋರಿಸಿದ ಜಾಗದಲ್ಲಿ ಸಹಿ ಮಾಡುವುದು ನಮ್ಮ ಕಸುಬಿನವರಿಗೆ ಉಸಿರಾಟದಷ್ಟು ರೂಢಿ. ಆ ಸಹಿಯ ಬಲದ ಮೇಲೆ ನಾನೇ ಅವಳನ್ನು ಅವನ ಕಾರಿಗೆ ಕಳಿಸಿಕೊಟ್ಟಿದ್ದೆ.

ಗಂಡ ಆಗಲೇ ಪೊಲೀಸ್ ಠಾಣೆಗೆ ಫೋನು ಮಾಡುತ್ತ ಮೆಟ್ಟಿಲ ಕಡೆ ಓಡಿದ. ದಾದಿಯ ಫೋನು ಪೊಲೀಸರ ಕಪಾಟಿನಲ್ಲಿತ್ತು, ಅವಳಿಗೆ ಮಾಡುವಂತಿರಲಿಲ್ಲ. ಹಾಸ್ಟೆಲಿನ ನಂಬರು ಹುಡುಕಿ ಒತ್ತುವಾಗ ನನ್ನ ಬೆರಳು ಎರಡು ಸಲ ತಪ್ಪಿತು.

ವಾರ್ಡನ್ ನಗುತ್ತಲೇ ಮಾತಾಡಿದರು. "ಓ, ಈಗ ತಾನೇ ಹೋದ್ರಲ್ಲ ಮೇಡಂ, ಹತ್ತು ನಿಮಿಷ ಆಯ್ತೇನೋ. ಮಗು ಕುಣ್ಕೊಂಡು ಹೋಯ್ತು."

"ತಾಯಿ ಒಳಗೆ ಬಂದಿದ್ರಾ? ನೀವು ಮಾತಾಡಿದ್ರಾ?"

"ಇಲ್ಲ, ಸೋದರಮಾವ ಬಂದಿದ್ರು. ಮಗೂನ ನಮ್ಮಣ್ಣನ ಜೊತೆ ಕಳಿಸಿ ಅಂತ ತಾಯಿ ಸಹಿ ಮಾಡಿದ ಪತ್ರ ಕೊಟ್ರು. ಚೊಕ್ಕವಾಗಿ ಅಚ್ಚು ಹಾಕಿಸಿದ್ರು, ಸಹಿ ನಮ್ಮ ಪುಸ್ತಕದಲ್ಲಿರೋದಕ್ಕೆ ಸರಿಯಾಗಿ ಹೊಂದಿತು."

"ತಾಯಿ ಎಲ್ಲಿದ್ರು ಮೇಡಂ?"

"ಕಾರಿನ ಹಿಂದಿನ ಸೀಟಲ್ಲೇ. ನಾನೇ ಹೋಗಿ ಭುಜ ಮುಟ್ಟಿ ಮಾತಾಡಿಸ್ದೆ, ಮಗೂನೂ ಅಮ್ಮಾ ಅಮ್ಮಾ ಅಂತ ಅಲ್ಲಾಡಿಸ್ತು. ಎಚ್ಚರಾನೇ ಆಗ್ಲಿಲ್ಲ. ಪಾಪ, ಆರು ವಾರದ ನಿದ್ದೆ ಅಲ್ವಾ?"